ಆಟ ಮುಗಿದ ಮೇಲಿನ ಬುತ್ತಿ

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಆಯ್ದುಕೊಂಡ ಮೂರು ಪತ್ರಗಳು ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ವಯಸ್ಸಿನವರಿಂದ ಬಂದಿವೆ. ಮೂವರೂ ರಜಾ ದಿನದ ಹವ್ಯಾಸಿ ತಂಡಗಳಲ್ಲಿ ಆಡುವವರು; ಮೂವರ ತೊಡಕೂ ಆಟ ಮುಗಿದ ಮೇಲೆ ಡಬ್ಬಿ ಬಿಚ್ಚುವ ಹೊತ್ತಿನಲ್ಲಿ ಹುಟ್ಟಿದ್ದು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದು, ಮಕ್ಕಳ ಜೊತೆ ಮೈದಾನದ ಅಂಚಿನಲ್ಲಿ ಕುಳಿತು ಉಂಡವಳಾದ್ದರಿಂದ ಈ ಪತ್ರಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನನಗೆ 43 ವರ್ಷ. ನಮ್ಮ ಬಡಾವಣೆಯ ಹನ್ನೊಂದು ಮಂದಿ ಹೆಂಗಸರು ಮೂರು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಹತ್ತಿರದ ಶಾಲೆಯ ಮೈದಾನದಲ್ಲಿ ಥ್ರೋಬಾಲ್ ಆಡುತ್ತೇವೆ. ಪಕ್ಕದ ಬಡಾವಣೆಯ ತಂಡದೊಂದಿಗೆ ಮೂರು ಸೆಟ್ಟುಗಳ ಪಂದ್ಯ. ನನ್ನನ್ನು ಈ ತಂಡಕ್ಕೆ ಕರೆತಂದವಳು ಶಾಲಾ ದಿನಗಳ ಗೆಳತಿ. ಅವಳು ನರ್ಸ್, ಆಟ ಮುಗಿಸಿ ಎಂಟು ಗಂಟೆಯ ಪಾಳಿಗೆ ಹೊಟ್ಟೆಗೇನೂ ಇಲ್ಲದೆ ಓಡುತ್ತಿದ್ದಳು. ಅದನ್ನು ನೋಡಲಾರದೆ ಅವಳಿಗೆಂದು ಒಂದು ಡಬ್ಬಿ ತಿಂಡಿ ಒಯ್ಯತೊಡಗಿದೆ. ಉಳಿದವರೂ ರುಚಿ ನೋಡಿದರು, ಮೆಚ್ಚಿದರು, ಈಗ ಹನ್ನೊಂದು ಮಂದಿಗೂ ನಾನೇ ತರಬೇಕು ಎಂಬಂತಾಗಿದೆ. ಭಾನುವಾರ ಮೂರೂವರೆಗೆ ಎದ್ದು ಇಡ್ಲಿ, ಸಾಂಬಾರು, ಚಟ್ನಿ ಅಥವಾ ಉಪ್ಪಿಟ್ಟು, ಕೇಸರಿಬಾತು ಮಾಡುತ್ತೇನೆ. ಈಚೆಗೆ ನನ್ನನ್ನು ಹೆಚ್ಚಾಗಿ ಹೊರಗೆ ಕೂರಿಸುತ್ತಾರೆ. ಕಳೆದ ತಿಂಗಳು ಜ್ವರ ಬಂದು ಎರಡು ವಾರ ಹೋಗಲಿಲ್ಲ. ಆ ಎರಡೂ ವಾರ ಅವರೆಲ್ಲ ಹೋಟೆಲಿಗೆ ಹೋಗಿ ಬೆಣ್ಣೆದೋಸೆ ತಿಂದರಂತೆ. 'ಬಿಸಿಬಿಸಿ ತಿಂದು ಎಷ್ಟು ದಿನವಾಗಿತ್ತು' ಎಂದು ಒಬ್ಬಾಕೆ ನನ್ನೆದುರೇ ಹೇಳಿದಳು. ನನ್ನ ಗೆಳತಿ ಅಲ್ಲೇ ಇದ್ದಳು, ಒಂದು ಮಾತೂ ಆಡಲಿಲ್ಲ. ಅಂದಿನಿಂದ ಮೈದಾನಕ್ಕೆ ಹೋಗಲು ಮನಸ್ಸಿಲ್ಲ. ನಾನು ತಂಡವನ್ನು ಬಿಡಬೇಕೇ?

— ಹೆಸರು ಬೇಡ, ದಾವಣಗೆರೆ

ಉತ್ತರ: ಬಿಡಬೇಡಿ. ಕಾರಣಗಳನ್ನು ಮುಂದೆ ಹೇಳುತ್ತೇನೆ, ಆದರೆ ಮೊದಲು ಈ ಉತ್ತರ ನಿಮಗೆ ಸಿಗಲಿ ಎಂದು ಹೀಗೆ ಆರಂಭಿಸಿದ್ದೇನೆ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅಡುಗೆಯ ಬಗ್ಗೆ ನೀವು ಹತ್ತು ಸಾಲು ಬರೆದಿದ್ದೀರಿ, ಗೆಳತಿಯ ಬಗ್ಗೆ ನಾಲ್ಕು ಸಾಲು; ಹೊರಗೆ ಕೂರಿಸುವ ವಿಷಯಕ್ಕೆ ಕೊಟ್ಟಿರುವುದು ಒಂದೇ ಸಾಲು. ನನಗೆ ಅನ್ನಿಸುವಂತೆ ನೋವಿನ ಬೇರು ಇರುವುದು ಆ ಒಂದು ಸಾಲಿನಲ್ಲಿಯೇ. ಆಡಲೆಂದು ಬಂದವಳನ್ನು ಆಡಿಸದೆ, ಅವಳ ಕೈಯ ತಿಂಡಿಯನ್ನು ಮಾತ್ರ ಕಾಯುತ್ತಿದ್ದರೆ, 'ನಾನು ಈ ತಂಡದಲ್ಲಿ ಯಾರು' ಎಂಬ ಪ್ರಶ್ನೆ ಏಳದೆ ಇರುವುದಿಲ್ಲ. ಬೆಣ್ಣೆದೋಸೆಯ ಮಾತು ಆ ಗಾಯದ ಮೇಲೆ ಬಿದ್ದದ್ದರಿಂದ ಅಷ್ಟು ಉರಿಯಿತು. ನೀವು ಪ್ರತಿವಾರ ಮೂರೂ ಸೆಟ್ ಆಡುತ್ತಿದ್ದರೆ ಅದೇ ಮಾತಿಗೆ ನಕ್ಕು, 'ಹಾಗಾದರೆ ಮುಂದಿನ ವಾರ ನೀನೇ ದೋಸೆ ಹುಯ್ಯಿ' ಎಂದಿರುತ್ತಿದ್ದಿರೋ ಏನೋ.

ಆದ್ದರಿಂದ ಆಟದ ವಿಷಯವನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ಥ್ರೋಬಾಲ್‌ನಲ್ಲಿ ಅಂಕಣದೊಳಗೆ ಏಳು ಮಂದಿ. ಮೂರು ಸೆಟ್ಟುಗಳೆಂದರೆ ಒಟ್ಟು 21 ಸ್ಥಾನಗಳು. ನೀವು ಹನ್ನೊಂದು ಮಂದಿ. ಹತ್ತು ಮಂದಿ ತಲಾ ಎರಡು ಸೆಟ್, ಒಬ್ಬಾಕೆ ಒಂದು ಸೆಟ್ ಆಡಿದರೆ ಲೆಕ್ಕ ಸರಿಹೋಗುತ್ತದೆ. ಆ ಒಂದೇ ಸೆಟ್ಟಿನ ಸರದಿ ವಾರಕ್ಕೊಬ್ಬರಂತೆ ತಿರುಗಿದರೆ ಹನ್ನೊಂದು ವಾರಕ್ಕೊಮ್ಮೆ ಮಾತ್ರ ಒಬ್ಬೊಬ್ಬರಿಗೆ ಬರುತ್ತದೆ. ಇದನ್ನು ಒಂದು ಹಾಳೆಯಲ್ಲಿ ಬರೆದು ನಾಯಕಿಯ ಕೈಗೆ ಕೊಡಿ. ದೂರಿನ ಧ್ವನಿ ಬೇಡ. 'ಹೀಗೆ ಮಾಡೋಣವೇ' ಎಂದು ಕೇಳಿ. ಜಿಲ್ಲಾ ಮಟ್ಟದ ಪಂದ್ಯಾವಳಿಗೆ ಹೋಗುವ ತಂಡವಾದರೆ ಚೆನ್ನಾಗಿ ಆಡುವವರನ್ನೇ ಇಳಿಸುವುದು ಸಹಜ. ಭಾನುವಾರದ ಬಡಾವಣೆಯ ತಂಡಕ್ಕೆ ಆ ನೆವ ಇಲ್ಲ. ನಿಮ್ಮ ಆಟದಲ್ಲೇ ಕೊರತೆಯಿದೆ ಎಂದು ನಾಯಕಿ ಹೇಳಿದರೆ ಅದನ್ನೂ ಕೇಳಿಸಿಕೊಳ್ಳಿ. ನಲವತ್ತು ದಾಟಿದ ಹೆಂಗಸರಲ್ಲಿ ನಾನು ಹೆಚ್ಚಾಗಿ ಕಂಡ ತಪ್ಪು ಒಂದೇ: ಹಿಡಿದ ಚೆಂಡನ್ನು ಮೂರು ಸೆಕೆಂಡಿನೊಳಗೆ ಎಸೆಯಬೇಕೆಂಬ ನಿಯಮಕ್ಕೆ ಹೆದರಿ, ಎದುರು ಅಂಕಣದಲ್ಲಿ ತೆರವು ಎಲ್ಲಿದೆ ಎಂದು ನೋಡದೆ ಕೂಡಲೇ ಎಸೆದುಬಿಡುವುದು. ಮೂರು ಸೆಕೆಂಡು ಸಾಕಷ್ಟು ದೊಡ್ಡ ಅವಧಿ. ಮನೆಯ ಗೋಡೆಯೆದುರು ದಿನಕ್ಕೆ ಹತ್ತು ನಿಮಿಷ, ಹಿಡಿದು, ಬಾಯಲ್ಲಿ 'ಒಂದು, ಎರಡು' ಎಂದು ಎಣಿಸಿ, ಗುರುತು ಹಾಕಿದ ಜಾಗಕ್ಕೆ ಎಸೆಯುವ ಅಭ್ಯಾಸ ಮಾಡಿದರೆ ಒಂದೆರಡು ತಿಂಗಳಲ್ಲಿ ನಿಮಗೇ ವ್ಯತ್ಯಾಸ ತಿಳಿಯುತ್ತದೆ.

ಇನ್ನು ತಿಂಡಿ. ಆ ಮಾತನಾಡಿದಾಕೆಯ ನಾಲಿಗೆ ಒರಟು, ಅದರಲ್ಲಿ ಅನುಮಾನವಿಲ್ಲ. ಆದರೂ ಅವಳ ಮಾತಿನೊಳಗಿನ ಒಂದು ನಿಜವನ್ನು ನಿಮ್ಮ ಒಳಿತಿಗಾಗಿಯೇ ಎತ್ತಿ ಹೇಳಬೇಕಾಗಿದೆ. ನಾಲ್ಕು ಗಂಟೆಗೆ ಇಳಿಸಿದ ಉಪ್ಪಿಟ್ಟನ್ನು ಏಳೂವರೆಗೆ ತಿನ್ನುವಾಗ ಅದು ಮನೆಯ ತಿಂಡಿ ಹೌದು, ಬಿಸಿ ತಿಂಡಿ ಅಲ್ಲ. ಬೇಯಿಸಿದ ಪದಾರ್ಥ ಸುಡುವಷ್ಟು ಬಿಸಿಯೂ ಅಲ್ಲದ, ಫ್ರಿಜ್ಜಿನಷ್ಟು ತಣ್ಣಗೂ ಅಲ್ಲದ ಸ್ಥಿತಿಯಲ್ಲಿ, ಅಂದರೆ ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ, ಎರಡು ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು ಎಂಬುದು ಆಹಾರ ಸುರಕ್ಷತೆಯ ಮೊದಲ ಪಾಠ. ಅನ್ನದ ಬಗೆಗಳಲ್ಲಿ ಇನ್ನೂ ಎಚ್ಚರ ಬೇಕು, ಏಕೆಂದರೆ ಅಕ್ಕಿಯಲ್ಲಿರುವ ಕೆಲವು ಸೂಕ್ಷ್ಮಾಣುಗಳ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಸಾಯದೆ ಉಳಿದು, ಅನ್ನ ನಿಧಾನವಾಗಿ ಆರುವಾಗ ಬೆಳೆಯತೊಡಗುತ್ತವೆ. ಹಸಿ ತೆಂಗಿನಕಾಯಿ ಚಟ್ನಿಯಂತೂ ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ನೋಡನೋಡುತ್ತಿದ್ದಂತೆ ಹುಳಿಯಾಗುತ್ತದೆ. ನಿದ್ದೆಗೆಟ್ಟು ದುಡಿದರೂ ತಾಜಾತನ ನಿಮ್ಮ ಕೈಯಿಂದ ಜಾರುತ್ತಿರುವುದು ನಿಮ್ಮ ಕೈಗುಣದ ದೋಷವಲ್ಲ; ಆರಿಸಿಕೊಂಡ ತಿಂಡಿಯ ದೋಷ.

ನಿಮ್ಮ ಊರಿನಲ್ಲಿಯೇ ಇದಕ್ಕೆ ಪರಿಹಾರವಿದೆ: ಮಂಡಕ್ಕಿ. ಈರುಳ್ಳಿ, ಹಸಿಮೆಣಸಿನಕಾಯಿ, ಶೇಂಗಾ, ಕರಿಬೇವು ಹಾಕಿದ ಒಗ್ಗರಣೆಯನ್ನು ಹೊರಡುವ ಹತ್ತು ನಿಮಿಷ ಮುಂಚೆ ಮಾಡಿ ಬಾಯಿ ಭದ್ರವಾದ ಡಬ್ಬಿಗೆ ಹಾಕಿ. ಹುರಿಗಡಲೆ ಪುಡಿ ಒಂದು ಪೊಟ್ಟಣ, ನಿಂಬೆಹಣ್ಣು ನಾಲ್ಕು, ಚೀಲದ ತುಂಬ ಒಣ ಮಂಡಕ್ಕಿ. ಆಟ ಮುಗಿದ ಮೇಲೆ ಅಗಲವಾದ ಪಾತ್ರೆಯಲ್ಲಿ ಕಲಸಿದರೆ ಅದಕ್ಕಿಂತ ತಾಜಾ ತಿಂಡಿ ಯಾವ ಹೋಟೆಲಿನಲ್ಲೂ ಸಿಗುವುದಿಲ್ಲ, ಮತ್ತು ಕಲಸುವ ಕೈ ನಿಮ್ಮದೇ ಆಗಬೇಕಿಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ಇನ್ನೊಂದು ವಾರಕ್ಕೆ. ಖಡಕ್ ರೊಟ್ಟಿಯಲ್ಲಿ ನೀರಿನ ಅಂಶ ತೀರ ಕಡಿಮೆ ಇರುವ ಕಾರಣ ಅದು ಬೇಗ ಕೆಡುವ ಚಿಂತೆ ಇಲ್ಲ. ರಾಗಿ ಅಂಬಲಿಯನ್ನು ಮಜ್ಜಿಗೆ, ಉಪ್ಪು ಬೆರೆಸಿ ತಂದರೆ ಬೆವರಿನಲ್ಲಿ ಹೋದ ನೀರೂ ಉಪ್ಪೂ ಮರಳುತ್ತವೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇರುವುದರಿಂದ ನಿಮ್ಮ ವಯಸ್ಸಿನ ಹೆಂಗಸರ ಮೂಳೆಗೂ ಅದು ಒಳ್ಳೆಯದು. ಅಂಬಲಿಯನ್ನು ಮಾತ್ರ ಬೆಳಿಗ್ಗೆಯೇ ಕಾಯಿಸಿ, ಬೇಗ ತಣಿಸಿ, ತಣ್ಣನೆಯ ಮಜ್ಜಿಗೆಯನ್ನು ಹೊರಡುವಾಗ ಸೇರಿಸಿ.

ಆದರೆ ಇವೆಲ್ಲವನ್ನೂ ನೀವೊಬ್ಬರೇ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಕೊಡಗಿನ ಕುಟುಂಬ ಹಾಕಿ ಹಬ್ಬದ ಉದಾಹರಣೆಯನ್ನು ನಾನು ಎಲ್ಲ ತಂಡಗಳಿಗೂ ಹೇಳುತ್ತಿರುತ್ತೇನೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಅದನ್ನು ಆರಂಭಿಸಿದಾಗ ಆಡಿದ್ದು 60 ಕುಟುಂಬಗಳು; 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಹಬ್ಬದಲ್ಲಿ 360 ತಂಡಗಳಿದ್ದವು. ಅಜ್ಜ, ಮೊಮ್ಮಗಳು, ಸೊಸೆ ಒಂದೇ ತಂಡದಲ್ಲಿ ಇಳಿಯುವ ಆ ಆಟ ಇಷ್ಟು ವರ್ಷ ಬೆಳೆಯುತ್ತ ಬಂದದ್ದಕ್ಕೆ ನನ್ನ ದೃಷ್ಟಿಯಲ್ಲಿ ಒಂದು ದೊಡ್ಡ ಕಾರಣ, ಆತಿಥ್ಯದ ಹೊಣೆ ವರ್ಷಕ್ಕೊಂದು ಕುಟುಂಬದಂತೆ ತಿರುಗುವುದು. ಒಂದೇ ಮನೆ ಪ್ರತಿವರ್ಷ ಎಲ್ಲರನ್ನೂ ಕರೆಯಬೇಕಾಗಿದ್ದರೆ ಆ ಮನೆ ದಣಿಯುತ್ತಿತ್ತು, ಬಂದವರಿಗೂ ಕಾಲಕ್ರಮೇಣ ಅದರ ಬೆಲೆ ತಿಳಿಯದಂತಾಗುತ್ತಿತ್ತು. ನಿಮ್ಮಲ್ಲಿ ಆಗಿರುವುದೂ ಇದೇ. ವಾರಕ್ಕೆ ಇಬ್ಬರಂತೆ ಸರದಿ ಹಾಕಿ; ಒಬ್ಬರು ತಿಂಡಿ, ಇನ್ನೊಬ್ಬರು ಮಜ್ಜಿಗೆ ಮತ್ತು ಹಣ್ಣು. ಅಡುಗೆ ಬಾರದವರು ಬಾಳೆಹಣ್ಣು ತರಲಿ, ಪಾತ್ರೆ ತೊಳೆಯಲಿ. ತಿಂಗಳಿಗೊಂದು ಭಾನುವಾರ ಎಲ್ಲರೂ ಒಟ್ಟಿಗೆ ಬೆಣ್ಣೆದೋಸೆಗೂ ಹೋಗಿ. ಅದರಲ್ಲಿ ನಿಮ್ಮ ತಿಂಡಿಗೆ ಅವಮಾನವೇನೂ ಇಲ್ಲ.

ನಾನೂ ಒಮ್ಮೆ ಈ ವಿಷಯದಲ್ಲಿ ಎಡವಿದ್ದೇನೆ. ನನ್ನ ತಂಡದ ಒಬ್ಬ ಹುಡುಗಿಯ ತಾಯಿ ಒಂದು ಇಡೀ ವರ್ಷ ಪಂದ್ಯದ ದಿನಗಳಲ್ಲಿ ಎಲ್ಲ ಮಕ್ಕಳಿಗೂ ಚಿತ್ರಾನ್ನ ಕಳಿಸುತ್ತಿದ್ದರು. ನಾನು ಧನ್ಯವಾದ ಹೇಳುತ್ತಿದ್ದೆನೇ ಹೊರತು, ನಸುಕಿನಲ್ಲಿ ಹೂ ಕಟ್ಟಿ ಮಾರುವ ಆ ತಾಯಿಗೆ ಅಷ್ಟು ಅಕ್ಕಿ ಎಲ್ಲಿಂದ ಬರುತ್ತದೆ ಎಂದು ಕೇಳಿರಲಿಲ್ಲ. ಮರುವರ್ಷ ಮಗಳನ್ನು ಆಟಕ್ಕೆ ಕಳಿಸುವುದನ್ನೇ ಅವರು ನಿಲ್ಲಿಸಿದರು. ಕೊಡುವವರು ಬಾಯಿಬಿಟ್ಟು ಹೇಳುವುದಿಲ್ಲ, ತಿನ್ನುವವರು ತಾವಾಗಿ ಕೇಳುವುದಿಲ್ಲ. ನಿಮ್ಮ ತಂಡದ ಉಳಿದ ಹತ್ತು ಮಂದಿಯೂ ಕೆಟ್ಟವರೆಂದು ಭಾವಿಸುವ ಮುನ್ನ, ನೀವು ಎಷ್ಟು ಗಂಟೆಗೆ ಏಳುತ್ತೀರಿ ಎಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿದೆ ಎಂದು ಯೋಚಿಸಿ.

ಕೊನೆಯದು ಗೆಳತಿ. ಅವಳ ಮೌನಕ್ಕೆ ಅರ್ಥ ಹಚ್ಚುತ್ತ ಕೂರಬೇಡಿ. ಆ ಮಾತು ಅವಳಿಗೆ ಸರಿಯಾಗಿ ಕೇಳಿಸದೆ ಇದ್ದಿರಬಹುದು, ಎಲ್ಲರೆದುರು ಜಗಳವಾಗದಿರಲಿ ಎಂದು ಸುಮ್ಮನಾಗಿರಬಹುದು, ತನ್ನ ಹಸಿವಿನಿಂದಲೇ ಶುರುವಾದದ್ದು ನಿಮಗೆ ಇಷ್ಟು ಭಾರವಾಯಿತಲ್ಲ ಎಂದು ಕುಗ್ಗಿರಲೂಬಹುದು. ಮೈದಾನದಲ್ಲಿ ಬೇಡ, ಫೋನಿನಲ್ಲಿ ಬೇಡ. ಅವಳಿಗೆ ರಜೆ ಇರುವ ಒಂದು ಸಂಜೆ ಮನೆಗೆ ಹೋಗಿ. 'ಅವತ್ತು ನೀನು ಒಂದು ಮಾತು ಆಡುತ್ತೀಯ ಅಂದುಕೊಂಡಿದ್ದೆ, ಆಡಲಿಲ್ಲ, ಬೇಜಾರಾಯಿತು' ಎಂದಷ್ಟೇ ಹೇಳಿ ಅವಳ ಉತ್ತರಕ್ಕೆ ಕಾಯಿರಿ. ಮೂರು ವರ್ಷದ ತಿಂಡಿಯ ಲೆಕ್ಕವನ್ನು ಅಲ್ಲಿ ತೆಗೆಯಬೇಡಿ. ಮತ್ತು ಸರದಿ ಆರಂಭವಾದ ಮೇಲೂ, ನಿಮಗೆ ಮನಸ್ಸಿದ್ದರೆ, ಅವಳೊಬ್ಬಳ ಡಬ್ಬಿಯನ್ನು ನಿಲ್ಲಿಸಬೇಡಿ. ಅದು ತಂಡದ ತಿಂಡಿಯಾಗುವ ಮೊದಲು ನಿಮ್ಮಿಬ್ಬರ ನಡುವಿನದಾಗಿತ್ತು.

ಪ್ರಶ್ನೆ: ಹಾಸನದ ಹಳ್ಳಿಯವನು ನಾನು, ವಯಸ್ಸು 24. ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಪಿ.ಜಿ.ಯಲ್ಲಿದ್ದೇನೆ. ಕಚೇರಿಯ ಕೆಲವರು ಶನಿವಾರ ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಾರೆ, ನನ್ನನ್ನೂ ಸೇರಿಸಿಕೊಂಡಿದ್ದಾರೆ. ಬಹುತೇಕರು ಸಂಸಾರಸ್ಥರು, ಮನೆಯಿಂದ ಏನಾದರೂ ತಂದು ಹಂಚುತ್ತಾರೆ. ನಾನು ಬೇಕರಿಯ ಪೊಟ್ಟಣ ಒಯ್ಯಲು ನಾಚಿ ಎರಡು ಸಲ ಆಟ ಮುಗಿದ ಕೂಡಲೇ ನೆವ ಹೇಳಿ ಹೊರಟುಬಂದೆ. ನನ್ನ ಕೋಣೆಯಲ್ಲಿ ನೀರು ಕಾಯಿಸುವ ಕೆಟಲ್ ಬಿಟ್ಟರೆ ಏನೂ ಇಲ್ಲ. ಏನು ಮಾಡಲಿ?

— ಒಬ್ಬ ಓದುಗ, ಬೆಂಗಳೂರು

ಉತ್ತರ: ಹೊರಟುಬರುವುದನ್ನು ಮೊದಲು ನಿಲ್ಲಿಸಿ. ಊಟದ ಹೊತ್ತಿಗೆ ಎದ್ದುಹೋಗುವವನನ್ನು ಕಂಡರೆ ಇವನಿಗೆ ನಮ್ಮ ಜೊತೆ ಬೆರೆಯಲು ಇಷ್ಟವಿಲ್ಲ ಎಂದೇ ಜನ ತಿಳಿಯುತ್ತಾರೆ. ನಿಮ್ಮ ನಾಚಿಕೆ ಅವರಿಗೆ ಬಿಗುಮಾನವಾಗಿ ಕಾಣುತ್ತದೆ.

ಒಲೆಯೇ ಬೇಡದ, ಆದರೂ ಕೈಯಾರೆ ಮಾಡಿದ ತಿನಿಸು ನಮ್ಮಲ್ಲಿದೆ. ಶ್ರೀರಾಮನವಮಿಯ ದಿನ ನಿಮ್ಮ ಮನೆಯಲ್ಲಿಯೂ ಮಾಡಿಯೇ ಇರುತ್ತಾರೆ: ಹೆಸರುಬೇಳೆ ಕೋಸಂಬರಿ. ಹನ್ನೆರಡು ಜನಕ್ಕೆ ಅರ್ಧ ಕಿಲೋ ಬೇಳೆ ಸಾಕು. ಚೆನ್ನಾಗಿ ತೊಳೆದು, ಕುಡಿಯುವ ನೀರಿನಲ್ಲಿ ಒಂದು ಗಂಟೆ ನೆನೆಸಿ, ನೀರನ್ನು ಪೂರ್ತಿ ಬಸಿಯಿರಿ. ಉಗುರಿನಿಂದ ಒತ್ತಿದರೆ ಬೇಳೆ ಮುರಿಯಬೇಕು, ಹಿಸುಕಿಹೋಗಬಾರದು. ಸೌತೆಕಾಯಿ, ಕೊತ್ತಂಬರಿ ಸೊಪ್ಪು, ಸಾಧ್ಯವಾದರೆ ಮಾವಿನಕಾಯಿ ತುರಿ. ಉಪ್ಪು ಮತ್ತು ನಿಂಬೆರಸವನ್ನು ಕೋಣೆಯಲ್ಲಿಯೇ ಹಾಕಿದರೆ ಮೈದಾನ ಮುಟ್ಟುವಷ್ಟರಲ್ಲಿ ಸೌತೆಕಾಯಿ ನೀರು ಬಿಟ್ಟು ಎಲ್ಲವೂ ತೊಯ್ದು ಹೋಗುತ್ತದೆ. ಅವನ್ನು ಬೇರೆಯಾಗಿ ಒಯ್ದು ಬಡಿಸುವ ಮುನ್ನ ಬೆರೆಸಿ. ಸೌತೆಕಾಯಿಯನ್ನೂ ಅಲ್ಲಿಯೇ ಹೆಚ್ಚಿದರೆ ಇನ್ನೂ ಒಳ್ಳೆಯದು. ಒಗ್ಗರಣೆ ಇಲ್ಲದಿದ್ದರೂ ರುಚಿಗೆ ಕುಂದಿಲ್ಲ. ಬೇಸಿಗೆಯಲ್ಲಿ ಪಾನಕವನ್ನೂ ಮಾಡಬಹುದು: ಬೆಲ್ಲ, ನಿಂಬೆ, ಏಲಕ್ಕಿ, ಚಿಟಿಕೆ ಉಪ್ಪು.

ಕೈಯಲ್ಲಿ ಏನೂ ಇಲ್ಲದ ಶನಿವಾರಗಳಲ್ಲಿ ಬರಿಗೈಯಲ್ಲೇ ಹೋಗಿ, ಉಂಡು, ಪಾತ್ರೆಗಳನ್ನು ತೊಳೆದುಕೊಡಿ, ಎಲೆ ಕಾಗದಗಳನ್ನು ಆಯ್ದು ಹಾಕಿ. ಊರಿಗೆ ಹೋಗಿ ಬಂದ ವಾರ ಅಮ್ಮ ಕಟ್ಟಿಕೊಟ್ಟದ್ದರಲ್ಲಿ ಒಂದು ಪಾಲನ್ನು ಶನಿವಾರಕ್ಕೆಂದು ತೆಗೆದಿಡಿ. ಬೇಕರಿಯ ಪೊಟ್ಟಣದ ಬಗ್ಗೆ ಒಂದು ಮಾತು: ಹಾಸನದ ಕಡೆಯ ಎಷ್ಟೋ ಜನ ಬೆಂಗಳೂರಿನಲ್ಲಿ ಬೇಕರಿ ಇಟ್ಟು ಸಂಸಾರಗಳನ್ನು ದಡ ಮುಟ್ಟಿಸಿದ್ದಾರೆ. ಆ ಖಾರಾ ಬನ್ನನ್ನು ನೀವು ನಾಚಿಕೆಯಿಂದ ಹಿಡಿದುಕೊಂಡು ಹೋಗಬೇಕಾದ ಕಾರಣವೇ ಇಲ್ಲ.

ಪ್ರಶ್ನೆ: ನಮ್ಮ ಊರಿನ ಯುವಕರ ವಾಲಿಬಾಲ್ ತಂಡದಲ್ಲಿ ನಾನು ಎರಡು ವರ್ಷಗಳಿಂದ ಲಿಫ್ಟರ್. ನಮ್ಮ ಸ್ಮ್ಯಾಷರ್ ನನ್ನ ಆಪ್ತ ಗೆಳೆಯ. ನಾನೆತ್ತಿದ ಚೆಂಡನ್ನು ಅವನಂತೆ ಹೊಡೆಯುವವರು ಸುತ್ತಮುತ್ತ ಇಲ್ಲ. ಹೊರ ಊರಿಗೆ ಆಡಲು ಹೋದಾಗ ಎಲ್ಲರೂ ಮನೆಯಿಂದ ಬುತ್ತಿ ತರುತ್ತೇವೆ, ಒಬ್ಬರದನ್ನೊಬ್ಬರು ಹಂಚಿಕೊಳ್ಳುತ್ತೇವೆ. ಅವನ ಡಬ್ಬಿಗೆ ಯಾರೂ ಕೈಹಾಕುವುದಿಲ್ಲ ಎಂಬುದು ಮೊನ್ನೆ ನನಗೆ ಹೊಳೆಯಿತು. ಅವನ ಮನೆಯಲ್ಲಿ ಮಾಂಸ ಮಾಡುತ್ತಾರೆ, ಅದಕ್ಕೆ ಇರಬೇಕು ಎಂದುಕೊಂಡೆ. ಆದರೆ ಅಂದು ಅವನ ತಾಯಿ ಕಳಿಸಿದ್ದು ಅಕ್ಕಿರೊಟ್ಟಿ ಮತ್ತು ಅವರೆಕಾಳು ಪಲ್ಯ. ಅದನ್ನೂ ಯಾರೂ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ಅವನು ಸ್ವಲ್ಪ ದೂರ ಕುಳಿತು ತಿಂದ. ಅಂದಿನಿಂದ ನಿದ್ದೆ ಬರುತ್ತಿಲ್ಲ. ತಂಡದವರಿಗೆ ಹೇಳಿದರೆ ತಂಡ ಒಡೆಯುತ್ತದೆ ಎಂಬ ಭಯ.

— ವಾಲಿಬಾಲ್ ಆಟಗಾರ, ಹಾಸನ ಜಿಲ್ಲೆ

ಉತ್ತರ: 'ನಾನೂ ಮುಟ್ಟಲಿಲ್ಲ' ಎಂದು ಬರೆದಿದ್ದೀರಿ. ಆ ಎರಡಕ್ಷರ, ನಾಲ್ಕಕ್ಷರದ ಪದಗಳನ್ನು ಬರೆಯಲು ನಿಮಗೆ ಎಷ್ಟು ಕಷ್ಟವಾಗಿರಬೇಕೆಂದು ನಾನು ಬಲ್ಲೆ, ಅದಕ್ಕಾಗಿ ನಿಮ್ಮ ಮೇಲೆ ಗೌರವ ಮೂಡಿದೆ. ಆದರೆ ಉಳಿದದ್ದನ್ನು ನೇರವಾಗಿಯೇ ಹೇಳಬೇಕು. ಮಾಂಸ ತಿನ್ನದಿರುವುದು ನಿಮ್ಮ ಆಯ್ಕೆ; ಅದನ್ನು ನಿಮ್ಮ ಗೆಳೆಯ ಬೇಸರವಿಲ್ಲದೆ ಒಪ್ಪಿಯಾನು. ಅಕ್ಕಿರೊಟ್ಟಿಯನ್ನು ತಿನ್ನದಿರುವುದು ಆಹಾರದ ಆಯ್ಕೆ ಅಲ್ಲ. ಅಲ್ಲಿ ತಿರಸ್ಕರಿಸಿದ್ದು ರೊಟ್ಟಿ ತಟ್ಟಿದ ಕೈಯನ್ನು. ಅಸ್ಪೃಶ್ಯತೆಯನ್ನು ಯಾವ ರೂಪದಲ್ಲಿ ಆಚರಿಸುವುದನ್ನೂ ನಮ್ಮ ಸಂವಿಧಾನದ 17ನೇ ವಿಧಿ ನಿಷೇಧಿಸಿದೆ. ಆದರೆ ಡಬ್ಬಿ ಬಿಚ್ಚಿದಾಗ ಕೈ ಯಾವ ಕಡೆ ಹೋಗುತ್ತದೆ, ಯಾವ ಕಡೆ ಹೋಗುವುದಿಲ್ಲ ಎಂಬುದನ್ನು ನೋಡಲು ಅಲ್ಲಿ ಪೊಲೀಸರು ಇರುವುದಿಲ್ಲ, ನೀವು ಇರುತ್ತೀರಿ.

ಎರಡು ವರ್ಷದಿಂದ ನೀವು ಎತ್ತಿದ ಚೆಂಡನ್ನು ಅವನು ಹೊಡೆಯುತ್ತಿದ್ದಾನೆ. ವಾಲಿಬಾಲ್ ಆಡಿದವರಿಗೆ ಗೊತ್ತು, ಲಿಫ್ಟರ್‌ಗೂ ಸ್ಮ್ಯಾಷರ್‌ಗೂ ನಡುವೆ ಮಾತಿಲ್ಲದ ತಿಳಿವಳಿಕೆ ಇರುತ್ತದೆ. ಚೆಂಡು ಬೆರಳನ್ನು ಬಿಡುವ ಮುನ್ನವೇ ಅವನು ಓಡತೊಡಗಿರುತ್ತಾನೆ. ಅಷ್ಟು ನಂಬಿಕೆಯಿಂದ ಜಿಗಿಯುವವನು ಊಟದ ಹೊತ್ತಿಗೆ ತಾನಾಗಿಯೇ ದೂರ ಸರಿದು ಕುಳಿತಿದ್ದಾನೆಂದರೆ, ನಿಮಗೆ ಮೊನ್ನೆ ಹೊಳೆದದ್ದು ಅವನಿಗೆ ಮೊದಲ ದಿನದಿಂದಲೇ ತಿಳಿದಿದೆ.

ತಂಡದ ಸಭೆ ಕರೆದು ಭಾಷಣ ಮಾಡುವುದು ಬೇಡ. ಅದರಿಂದ ಎಲ್ಲರ ಕಣ್ಣೂ ಅವನ ಮೇಲೆ ಬೀಳುತ್ತದೆ, ಅವನಿಗೆ ಇನ್ನಷ್ಟು ಮುಜುಗರ. ಆಣೆ ಪ್ರಮಾಣಗಳನ್ನು ಅವನೆದುರು ಮಾಡುವುದೂ ಬೇಡ. ಮುಂದಿನ ಸಲ ಹೊರ ಊರಿಗೆ ಹೋದಾಗ ನಿಮ್ಮ ಬುತ್ತಿಯನ್ನು ತೆಗೆದುಕೊಂಡು ಹೋಗಿ ಅವನ ಪಕ್ಕದಲ್ಲಿ ಕುಳಿತು, ನಿಮ್ಮದನ್ನು ಅವನ ಮುಂದಿಟ್ಟು, ಅವನ ಡಬ್ಬಿಯಿಂದ ತಿನ್ನಿ. ಉಳಿದವರು ನೋಡುತ್ತಾರೆ. ಒಬ್ಬಿಬ್ಬರು ಎದ್ದು ಬರಬಹುದು. ಯಾರಾದರೂ ಮನೆಗೆ ಸುದ್ದಿ ಮುಟ್ಟಿಸಿ ನಿಮ್ಮ ಹಿರಿಯರು ಗದರಲೂಬಹುದು. ಅದಕ್ಕೆ ಸಿದ್ಧರಾಗಿ ಹೋಗಿ, ಆ ಬೈಗುಳದ ಕಥೆಯನ್ನು ಗೆಳೆಯನ ಮುಂದೆ ತ್ಯಾಗದಂತೆ ಹೇಳಬೇಡಿ. ಆ ಒಂದು ಡಬ್ಬಿಯ ಕಾರಣಕ್ಕೆ ಒಡೆಯುವ ತಂಡವಾದರೆ ಅದು ಈಗಾಗಲೇ ಒಡೆದಿದೆ, ಒಬ್ಬನೇ ದೂರ ಕುಳಿತಿರುವುದರಿಂದ ನಿಮಗೆಲ್ಲ ಅದು ಕಂಡಿಲ್ಲ ಅಷ್ಟೆ.

ಅವನು ಮೊದಲ ದಿನ ಏನೂ ಹೇಳದೆ ಇರಬಹುದು, ಮುಖ ತಿರುಗಿಸಲೂಬಹುದು. ಎರಡು ವರ್ಷ ಸುಮ್ಮನಿದ್ದವನಿಗೆ ಆ ಹಕ್ಕಿದೆ. ಅವನು ಕೇಳಿದರೆ 'ಇಷ್ಟು ದಿನ ತಪ್ಪು ಮಾಡಿದೆ' ಎನ್ನಿ, ವಿವರಣೆ ಬೇಡ. ಮತ್ತು ಒಮ್ಮೆ ಅವನ ಡಬ್ಬಿಯನ್ನು ನೀವೇ ತೊಳೆಯುತ್ತೇನೆಂದು ಮನೆಗೆ ತನ್ನಿ. ಬೇರೆಯವರ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ನಿಮ್ಮ ತಾಯಿಯೂ ಹೇಳಿಕೊಟ್ಟಿರುತ್ತಾರೆ. ಅದರಲ್ಲಿ ನಿಮ್ಮ ಮನೆಯದೇನನ್ನಾದರೂ ತುಂಬಿ, ಅವನ ಕೈಯಲ್ಲಿ ಕೊಡದೆ, ಅವನ ಮನೆಗೇ ಹೋಗಿ ಅವನ ತಾಯಿಯ ಕೈಗೆ ಕೊಡಿ; ರೊಟ್ಟಿ ಚೆನ್ನಾಗಿತ್ತೆಂದು ಹೇಳಿ.